ಬೆಂಕಿ ಇಲ್ಲದ ಮನೆಗೆ ಅಗ್ನಿಶಾಮಕ ವಾಹನ ಏಕೆ?

ಪ್ರಶ್ನೆ: ಕಳೆದ ತಿಂಗಳು ನಮ್ಮ ಕಟ್ಟಡದ ಹಿರಿಯರೊಬ್ಬರು ಮೂರನೆಯ ಮಹಡಿಯಲ್ಲಿ ಕುಸಿದು ಬಿದ್ದರು. ಆಂಬುಲೆನ್ಸ್‌ಗೆಂದು ಕರೆ ಮಾಡಿದರೆ ಮೊದಲು ಬಂದದ್ದು ಅಗ್ನಿಶಾಮಕ ವಾಹನ. ಅವರೇಕೆ ಬಂದರು? ಅಲ್ಲಿಯವರೆಗೂ ಹಿರಿಯರು ಗೊರಗೊರ ಎಂದು ಉಸಿರೆಳೆಯುತ್ತಿದ್ದುದರಿಂದ ನಾವು ಎದೆ ಒತ್ತಲಿಲ್ಲ. ಅವರು ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಆದರೂ, ನಾವು ತಪ್ಪು ಮಾಡಿದೆವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ನಿಮ್ಮನ್ನು ಕಾಡುತ್ತಿರುವುದು ಅದೇ. ಹೃದಯ ನಿಂತ ಮೇಲೂ ಕೆಲವು ನಿಮಿಷ ಕೆಲವರು ಬಾಯಿ ತೆರೆದು, ಬಿಟ್ಟುಬಿಟ್ಟು, ಗೊರಕೆಯಂತೆ ಉಸಿರೆಳೆಯುವುದುಂಟು. ‘ಉಸಿರಿದೆ, ಮುಟ್ಟಬೇಡಿ’ ಎಂಬ ಮಾತನ್ನು ಅಗ್ನಿಶಾಮಕ ದಳದ 26 ವರ್ಷಗಳ ಸೇವೆಯಲ್ಲಿ ಎಷ್ಟೋ ಮನೆಗಳ ಬಾಗಿಲಲ್ಲಿ ಕೇಳಿದ್ದೇನೆ. ಅದು ಉಸಿರಾಟವಲ್ಲ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿರುವವರ ಎದೆಯನ್ನು ಒತ್ತಲೇಬೇಕು. ನಿಮಗೆ ಇದು ತಿಳಿದಿರಲಿಲ್ಲ. ಅದಕ್ಕಾಗಿ ನಿಮ್ಮನ್ನು ಹಳಿದುಕೊಳ್ಳಬೇಡಿ.

ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಪಕ್ಕೆಲುಬು ಮುರಿದೀತೆಂದು ಹೆದರುತ್ತಾರೆ. ಮುರಿದ ಎಲುಬು ಕೂಡಿಕೊಳ್ಳುತ್ತದೆ.

ಒಂದು ಬೆಳಗಿನ ಜಾವದ ಕರೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಾಮಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗಲೇ ಮೇಲಿನಿಂದ ಒಬ್ಬ ಹುಡುಗಿಯ ದನಿ ಕೇಳಿತು: ‘ಇಪ್ಪತ್ತೇಳು, ಇಪ್ಪತ್ತೆಂಟು...’ ಸ್ಪೀಕರ್ ಹಾಕಿದ ಮೊಬೈಲ್ ನೆಲದ ಮೇಲಿತ್ತು. ಕರೆ ಸ್ವೀಕರಿಸಿದ ಸಿಬ್ಬಂದಿ ಹೇಳಿಕೊಟ್ಟಂತೆ ಅವಳು ತಂದೆಯ ಎದೆ ಒತ್ತುತ್ತಿದ್ದಳು. ನಾನು ಕೈ ಹಾಕಿದಾಗ ಪಕ್ಕಕ್ಕೆ ಸರಿದಳು. ಅವಳ ಅಂಗೈಯಲ್ಲಿ ತಂದೆಯ ಅಂಗಿಯ ಗುಂಡಿ ದುಂಡಗೆ ಅಚ್ಚೊತ್ತಿತ್ತು. ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ನಮ್ಮ ಯಂತ್ರದ ಎರಡನೆಯ ಆಘಾತಕ್ಕೆ ನಾಡಿ ಮರಳಿತು. ಆ ಮನುಷ್ಯ ಉಳಿದದ್ದು ನಾವು ಹೋಗುವ ಮೊದಲೇ ಆ ಹುಡುಗಿ ಮಾಡಿದ ಕೆಲಸದಿಂದ ಎಂದು ನಾನು ಇಂದಿಗೂ ನಂಬಿದ್ದೇನೆ. ಎದೆ ಒತ್ತದೆ, ಆಘಾತ ನೀಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ.

ಅಗ್ನಿಶಾಮಕ ವಾಹನ ಬಂದದ್ದೂ ಇದೇ ಕಾರಣಕ್ಕೆ. ಯಾವ ಬೀದಿಗಾದರೂ ಬೇಗ ತಲುಪಲೆಂದೇ ನಮ್ಮ ಠಾಣೆಗಳನ್ನು ಊರಿನ ಉದ್ದಗಲಕ್ಕೆ ಹಂಚಿರುತ್ತಾರೆ. ಆಂಬುಲೆನ್ಸ್ ದೂರವಿದ್ದರೆ ಹತ್ತಿರವಿರುವ ನಾವು ಹೊರಡುತ್ತೇವೆ. ಕಿರಿದಾದ ಮೆಟ್ಟಿಲಲ್ಲಿ ರೋಗಿಯನ್ನು ಇಳಿಸಲು ನಾಲ್ಕು ಜನರ ತೋಳೂ ಬೇಕು. ಅಮೆರಿಕದಲ್ಲಂತೂ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವೈದ್ಯಕೀಯ ತುರ್ತಿನವು. ಬೆಂಕಿಯವು ನೂರಕ್ಕೆ ಹತ್ತೂ ಇಲ್ಲ.

ಅಪಘಾತವಾದ ಕಾರಿನಲ್ಲಿ ಸಿಲುಕಿದವರ ವಿಷಯದಲ್ಲಿ ಮಾತ್ರ ಕೈ ತಡೆಯಿರಿ. ಬೆಂಕಿಯಂಥ ಅಪಾಯ ಎದುರಿಗಿಲ್ಲದಿದ್ದರೆ, ಉಸಿರಾಟ ನಡೆದಿದ್ದರೆ, ಎಳೆಯಬೇಡಿ, ಬೆನ್ನುಹುರಿಗೆ ಪೆಟ್ಟಾದೀತು. ನಾವೂ ಮೊದಲು ಕಾರು ಅಲುಗದಂತೆ ಆಸರೆ ಕೊಟ್ಟು, ಬ್ಯಾಟರಿ ಕಳಚಿ, ಆಮೇಲೆ ಲೋಹ ಕತ್ತರಿಸುವ ಕಟ್ಟರ್ ಹಿಡಿಯುತ್ತೇವೆ.

ಇನ್ನೊಂದು ವಿಷಯ. ಕರೆ ಮಾಡಿದ ಮೇಲೆ ಒಬ್ಬರನ್ನು ಕೆಳಗೆ ರಸ್ತೆಗೆ ಕಳುಹಿಸಿ. ಯಾವ ಬಾಗಿಲು, ಯಾವ ಮಹಡಿ ಎಂದು ಅವರು ಕೈ ಬೀಸಿ ತೋರಿಸಿದರೆ ನಾವು ಹುಡುಕುವುದು ತಪ್ಪುತ್ತದೆ.