ಕಾಮಿಕ್ಸ್ ಓದಬೇಕು, ಖರ್ಚು ಮಿತಿಯಲ್ಲಿರಬೇಕು

ಪ್ರಶ್ನೆ: ದಶಕಗಳಿಂದ ನಡೆದುಬಂದ ಸರಣಿಗಳನ್ನು ನೋಡಿದರೆ ತಲೆ ತಿರುಗುತ್ತದೆ. ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲ ಸಂಚಿಕೆಯಿಂದಲೇ ಓದಬೇಕೆಂಬ ಹಟ ಬಿಡಿ. ದೊಡ್ಡ ಸೂಪರ್‌ಹೀರೋ ಸರಣಿಗಳಲ್ಲಿ ಬರಹಗಾರರು ಬದಲಾಗುತ್ತಲೇ ಇರುತ್ತಾರೆ. ಹೊಸ ಬರಹಗಾರರು ಕೈಹಾಕಿದಲ್ಲಿಂದ ಓದಿದರೂ ಕಥೆ ಸಾಮಾನ್ಯವಾಗಿ ಅರ್ಥವಾಗುತ್ತದೆ. ಹಾಗಾಗಿ ಪಾತ್ರದ ಬೆನ್ನು ಹತ್ತಬೇಡಿ. ಬರೆದವರು, ಚಿತ್ರ ಬಿಡಿಸಿದವರು ಯಾರೆಂದು ನೋಡಿ. ಒಂದು ಪುಸ್ತಕ ಹಿಡಿಸಿದರೆ ಅದೇ ಜೋಡಿಯ ಬೇರೆ ಕೃತಿ ಹುಡುಕಿ.

ಆಯ್ಕೆಗೆ ಅಮೆರಿಕದಲ್ಲಿ ಕಾಮಿಕ್ಸ್‌ಗೆಂದೇ 1988ರಿಂದ ಕೊಡುತ್ತಿರುವ ಐಸ್ನರ್ ಪ್ರಶಸ್ತಿಯ ಪಟ್ಟಿ ಒಳ್ಳೆಯ ದಾರಿ. ಗೆದ್ದ ಒಂದನ್ನಷ್ಟೇ ನೋಡದೆ ಅಂತಿಮ ಸುತ್ತಿಗೆ ಬಂದವನ್ನೂ ನೋಡಿ. ಅದರಲ್ಲೂ ‘ಸೀಮಿತ ಸರಣಿ’ ವಿಭಾಗ ಬಜೆಟ್ ಓದುಗರಿಗೆ ಹೇಳಿಮಾಡಿಸಿದ್ದು: ಕಥೆ ಕೆಲವೇ ಸಂಚಿಕೆಗಳಲ್ಲಿ ಮುಗಿಯುತ್ತದೆ.

ಬಿಡಿ ಸಂಚಿಕೆ ಕೊಂಡರೆ ಸಿಗುವುದು ಸುಮಾರು 20–22 ಪುಟಗಳ ಕಥೆ, ಕಾಲು ಗಂಟೆಯ ಓದು. ಐದಾರು ಸಂಚಿಕೆ ಸೇರಿಸಿದ ಪೇಪರ್‌ಬ್ಯಾಕ್ ಸಂಪುಟ ಸಾಮಾನ್ಯವಾಗಿ ಅಗ್ಗ. ಆದರೆ ಬೆನ್ನಿನ ಮೇಲಿನ ‘ಸಂಪುಟ 1’ನ್ನು ನಂಬಿ ಕೊಳ್ಳಬೇಡಿ, ಒಬ್ಬ ನಾಯಕನಿಗೇ ಅಂಥ ಎಷ್ಟೋ ‘ಒಂದು’ಗಳಿವೆ. ಒಳಗೆ ಹಕ್ಕುಸ್ವಾಮ್ಯದ ಪುಟದಲ್ಲಿ ಯಾವ ಸಂಚಿಕೆಗಳು ಸೇರಿವೆ ಎಂದು ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿ ನಾಲ್ಕೈದು ಬೇರೆ ಬೇರೆ ಸರಣಿಗಳ ಹೆಸರು ಕಂಡರೆ ಅದು ಬಹುಶಃ ಕ್ರಾಸ್‌ಓವರ್, ಅಂದರೆ ಹಲವು ಸರಣಿಗಳಲ್ಲಿ ಹರಡಿದ ಒಂದೇ ಕಥೆ. ಸದ್ಯಕ್ಕೆ ಕಪಾಟಿನಲ್ಲೇ ಇಡಿ.

ಪ್ರಶ್ನೆ: ದುಡ್ಡು ಕೊಡದೆ, ಕದ್ದ ಪ್ರತಿಯನ್ನೂ ಮುಟ್ಟದೆ ಓದಬಹುದೇ?

ಉತ್ತರ: ಖಂಡಿತ. ನಿಮ್ಮ ಗ್ರಂಥಾಲಯ ಲಿಬ್ಬಿ ಅಥವಾ ಹೂಪ್ಲಾ ಆ್ಯಪ್‌ಗೆ ಸೇರಿದೆಯೇ ವಿಚಾರಿಸಿ. ಹೂಪ್ಲಾದಲ್ಲಿ ತಿಂಗಳಿಗೆ ಇಷ್ಟೇ ಎಂಬ ಮಿತಿಯಿರುವುದರಿಂದ ಬಿಡಿ ಸಂಚಿಕೆಗೆ ಅದನ್ನು ಕಳೆಯದೆ ದಪ್ಪ ಸಂಪುಟವನ್ನೇ ತೆಗೆದುಕೊಳ್ಳಿ. ಜಪಾನಿ ಕಾಮಿಕ್ಸ್‌ನ ಆ್ಯಪ್ ಮಾಂಗಾ ಪ್ಲಸ್‌ನಲ್ಲಿ ಈಗ ನಡೆಯುತ್ತಿರುವ ಹಲವು ಸರಣಿಗಳ ಮೊದಲ ಮೂರು, ಇತ್ತೀಚಿನ ಮೂರು ಅಧ್ಯಾಯಗಳು ಉಚಿತ. ರುಚಿ ತಿಳಿಯಲು ಮೊದಲ ಮೂರು ಸಾಕು. ಡಿಜಿಟಲ್ ಕಾಮಿಕ್ ಮ್ಯೂಸಿಯಂ ಎಂಬ ಜಾಲತಾಣದಲ್ಲಿ ಹಕ್ಕುಸ್ವಾಮ್ಯ ತೀರಿದ ಹಳೆಯ ಅಮೆರಿಕನ್ ಕಾಮಿಕ್ಸ್ ಇವೆ. ಚಿತ್ರಗಳು ಸೊಗಸು, ಕಥೆ ಎಷ್ಟೋ ಸಲ ಪೇಲವ.

ಕಾಮಿಕ್ಸ್ ಓದಿಸುವ ಆ್ಯಪ್‌ಗೆ ಚಂದಾ ಕಟ್ಟುವುದಾದರೆ ಮೊದಲು ಓದಬೇಕಾದ್ದರ ಪಟ್ಟಿ ತುಂಬಿಸಿ, ಆಮೇಲೆ ಒಂದೇ ತಿಂಗಳಿಗೆ ಸೇರಿ ಎಲ್ಲ ಓದಿ ನಿಲ್ಲಿಸಿ. ಚಂದಾ ನಿಂತ ಮೇಲೆ ಯಾವ ಪುಸ್ತಕವೂ ನಿಮ್ಮದಾಗಿ ಉಳಿಯುವುದಿಲ್ಲ. ಎರಡು ಪುಟಕ್ಕೆ ಹರಡಿದ ಚಿತ್ರಗಳು ಫೋನಿನಲ್ಲಿ ಕೆಡುತ್ತವೆ, ಟ್ಯಾಬ್ಲೆಟ್ ಇದ್ದರೆ ಅದರಲ್ಲೇ ಓದಿ.

ಪ್ರಶ್ನೆ: ಹಳೆಯ ಪ್ರತಿ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮೊದಲ ಮುದ್ರಣಕ್ಕೆ ಬೆಲೆ ಕಟ್ಟುವವರು ಸಂಗ್ರಹಕಾರರು. ಓದುವವರಿಗೆ ಮರುಮುದ್ರಣ ಸಾಕು. ಪಿನ್ನು ತುಕ್ಕು ಹಿಡಿದಿದ್ದರೆ ನಡುವಿನ ಹಾಳೆ ಕಳಚಿರಬಹುದು, ಹಾಗಾದರೆ ಒಮ್ಮೆಗೇ ನಾಲ್ಕು ಪುಟ ಮಾಯ. ಎಪ್ಪತ್ತರ ದಶಕದ ಮಾರ್ವೆಲ್ ಸಂಚಿಕೆಗಳಲ್ಲಿ ಕತ್ತರಿಸಿ ಅಂಟಿಸಲೆಂದೇ ಸ್ಟ್ಯಾಂಪ್ ಅಚ್ಚಾಗುತ್ತಿತ್ತು. ಪುಟದಲ್ಲಿ ಚೌಕದ ತೂತು ಇದೆಯೇ ಎಂದು ಕೊಳ್ಳುವ ಮೊದಲೇ ತಿರುವಿ ನೋಡಿ.