ಪಾರ್ಕಿನ ಮೂಲೆ ಯಾರದ್ದು?

ಪ್ರಶ್ನೆ: ನಮ್ಮ ಬಡಾವಣೆಗೆ ಇರುವುದು ಒಂದೇ ಪಾರ್ಕು. ಈಗ ಅದರ ಮೂಲೆಯಲ್ಲಿ ಅಂಗಡಿ ಮಳಿಗೆ ಕಟ್ಟುತ್ತಾರಂತೆ. ಕೇಳಿದರೆ ನಗರಸಭೆಗೆ ಆದಾಯ ಬೇಕಲ್ವಾ ಅಂತಾರೆ. ಚರಂಡಿ ಮಾತ್ರ ಎರಡು ವರ್ಷದಿಂದ ಹಾಗೇ ಇದೆ. ನಾವೇನು ಮಾಡಬಹುದು?

ಉತ್ತರ: ಸುಮ್ನೆ ಕೂರಬೇಡಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಆಸ್ಪತ್ರೆ ಬೇಡ ಅಂತ ಯಾರಂತಾರೆ ಹೇಳಿ! ಆದರೂ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು, 1991ರಲ್ಲಿ ಅವರೇ ಗೆದ್ದರು. ಪಾರ್ಕಿನ ಜಾಗವನ್ನು ಹಾಗೆ ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂದಿತು ಕೋರ್ಟು. ಪಾರ್ಕು, ಆಟದ ಮೈದಾನ ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ.

ಮೊದಲು ಆರ್‌ಟಿಐ ಅರ್ಜಿ ಹಾಕಿ ಬಡಾವಣೆಯ ಅನುಮೋದಿತ ನಕ್ಷೆ ತೆಗೆಸಿ. 30 ದಿನದೊಳಗೆ ಉತ್ತರ ಕೊಡಬೇಕು. ನಕ್ಷೆಯಲ್ಲಿ ಪಾರ್ಕು ಎಂದೇ ಇದ್ದರೆ ನಿಮ್ಮ ವಾದ ಗಟ್ಟಿ. ಬೀದಿಯವರೆಲ್ಲ ಸಹಿ ಮಾಡಿದ ಆಕ್ಷೇಪಣೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಚರಂಡಿಗೆ ಬೇರೆಯೇ ಅರ್ಜಿ ಬರೆಯಿರಿ. ಎರಡನ್ನೂ ಒಂದರಲ್ಲೇ ತುರುಕಿದರೆ ಎರಡೂ ಮೂಲೆ ಸೇರುತ್ತವೆ.