ಪಕ್ಕದಲ್ಲಿ ನಿಲ್ಲುವವರ ಸಂಬಳ

ಗೆಳತೀ,

"ಅಂಗವಿಕಲರಿಗೆ ಕೆಲಸ ಕೊಡಿಸಿದರೆ ಸರ್ಕಾರವೇ ಖರ್ಚು ತುಂಬಿಕೊಡುತ್ತದಲ್ಲ, ಮತ್ತೆ ನಮ್ಮ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ನಿಮಗೇಕೆ? ಅದೂ ಮಹಾರಾಷ್ಟ್ರದಲ್ಲಿ ಕುಳಿತು ಕನ್ನಡದ ಹುಡುಗರ ಹೆಸರಿನಲ್ಲಿ ಕೇಳುವ ಬದಲು ಬೆಂಗಳೂರಿಗೇ ಬಂದುಬಿಡಬಾರದೇ?" ಎಂದು ಬರೆದಿದ್ದೀಯ. ಧಾರವಾಡದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದ ಸಲುಗೆಯಿಂದ ಕೇಳಿದ್ದೀಯ, ಅದೇ ಸಲುಗೆಯಿಂದ ನಾನೂ ಬಿಡಿಸಿ ಹೇಳುತ್ತೇನೆ.

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಅಕ್ಕಲಕೋಟ ತಾಲೂಕಿನ ನಮ್ಮ ಊರಿನಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತು ಕನ್ನಡ, ಜಿಲ್ಲಾ ಪರಿಷತ್ತಿನ ಶಾಲೆಯೂ ಕನ್ನಡದ್ದೇ. ಆ ಶಾಲೆಯನ್ನು ನಡೆಸುವುದು ಮಹಾರಾಷ್ಟ್ರ ಸರ್ಕಾರ. ಅಕ್ಕಲಕೋಟವನ್ನು ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಿಸಬೇಕೆಂದು ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಅದು ಕಾಗದದಲ್ಲಿಯೇ ಉಳಿಯಿತು. ಮಳೆ ಕೈಕೊಟ್ಟಾಗ ನಮ್ಮ ಜನ ದುಡಿಮೆಗೆಂದು ಹೊರಟದ್ದು ಸೊಲ್ಲಾಪುರಕ್ಕೆ, ಅಲ್ಲಿಂದ ಮುಂದೆ ಪುಣೆಗೆ. ಹಾಗೆ ಬಂದು ಭೋಸರಿ, ಪಿಂಪ್ರಿ, ಚಿಂಚವಡದ ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳಿದ್ದಾರೆ, ಆ ಮಕ್ಕಳು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ. ಅವರನ್ನು ಸಂಬಳದ ಕೆಲಸಕ್ಕೆ ಸೇರಿಸಿ, ಅಲ್ಲಿ ನೆಲೆಯೂರುವಂತೆ ಮಾಡುವುದೇ ನಮ್ಮ ಸಂಸ್ಥೆಯ ಕೆಲಸ. ಅವರು ಇಲ್ಲಿರುವಾಗ ನಾನು ಬೆಂಗಳೂರಿಗೆ ಬಂದು ಮಾಡುವುದೇನು?

ಇನ್ನು ಹಣದ ಮಾತು. ಸರ್ಕಾರ ಏನನ್ನೂ ಕೊಡುವುದಿಲ್ಲ ಎಂದು ನಾನು ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇಟ್ಟಿದೆ, ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹು ಅಂಗವಿಕಲತೆ ಇರುವವರೆಲ್ಲರಿಗೂ ಸೇರಿ. ಮಹಾರಾಷ್ಟ್ರದಲ್ಲಿ ದಿವ್ಯಾಂಗ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಇದೆ, ಅದರ ಆಯುಕ್ತಾಲಯ ನಮ್ಮ ಪುಣೆಯಲ್ಲಿಯೇ ಇದೆ, ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದ ಶೇ. 5ನ್ನು ದಿವ್ಯಾಂಗರಿಗಾಗಿ ತೆಗೆದಿಡಬೇಕೆಂಬ ನಿಯಮವೂ ಇದೆ. ಇವೆಲ್ಲ ಹೋರಾಡಿ ಪಡೆದವು, ಇವುಗಳ ಬಗ್ಗೆ ನನಗೆ ಗೌರವವಿದೆ. ತೊಡಕು ಇರುವುದು ಬೇರೆ ಕಡೆ. ನಾವು ಮಾಡುವ ಕೆಲಸದ ಮುಖ್ಯ ಭಾಗಕ್ಕೆ ಈ ಯಾವ ಲೆಕ್ಕದಲ್ಲಿಯೂ ಜಾಗವಿಲ್ಲ.

ಆ ಮುಖ್ಯ ಭಾಗ ಯಾವುದೆಂದು ಒಬ್ಬ ಹುಡುಗನ ಕೆಲಸವನ್ನೇ ಹಿಡಿದು ಹೇಳುತ್ತೇನೆ. ಉಡುಪಿ ಕಡೆಯವರು ಇಲ್ಲಿ ನಡೆಸುವ ಒಂದು ಹೋಟೆಲಿನಲ್ಲಿ ಅವನಿಗೆ ಚಟ್ನಿ ಬಟ್ಟಲು ತುಂಬುವ ಕೆಲಸ ಸಿಕ್ಕಿತು. ಕೊಟ್ಟ ದೊಡ್ಡ ಸೌಟಿನಿಂದ ಅವನು ಬಟ್ಟಲು ಉಕ್ಕುವಂತೆ ತುಂಬುತ್ತಿದ್ದ, ಅರ್ಧ ಸೌಟು ಎಂದರೆ ಎಷ್ಟು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ನಮ್ಮ ಜಾಬ್ ಕೋಚ್, ಎಂದರೆ ಕೆಲಸದ ಜಾಗದಲ್ಲಿಯೇ ಜೊತೆಗಿದ್ದು ಕಲಿಸುವವಳು, ಅವನ ಪಕ್ಕದಲ್ಲಿ ನಿಂತು ನೋಡಿ, ಒಂದು ಬಟ್ಟಲಿಗೆ ಸರಿಯಾಗುವಷ್ಟೇ ಹಿಡಿಯುವ ಸಣ್ಣ ಸೌಟನ್ನು ತಂದುಕೊಟ್ಟಳು. ಒಂದು ಸೌಟು, ಒಂದು ಬಟ್ಟಲು, ತಟ್ಟೆ ತುಂಬಿದ ಮೇಲೆ ಒಳಗಿನವರನ್ನು ಕರೆಯುವುದು. ಇಷ್ಟನ್ನು ರೂಢಿ ಮಾಡಿಸಿ, ಬೆಳಗಿನ ಗದ್ದಲದಲ್ಲಿಯೂ ಅವನು ಕೈ ನಿಲ್ಲಿಸದಂತೆ ಮಾಡಿ, ಜೊತೆಯ ಹುಡುಗರಿಗೆ ಅವನೊಡನೆ ಹೇಗೆ ಮಾತಾಡಬೇಕೆಂದು ಹೇಳಿಕೊಟ್ಟು, ಆಮೇಲೆ ಅವಳು ನಿಧಾನವಾಗಿ ದೂರ ಸರಿದಳು. ಮ್ಯಾನೇಜರ್ ಬದಲಾದಾಗ ಮತ್ತೆ ಹೋಗಬೇಕಾಯಿತು, ಏಕೆಂದರೆ ಹೊಸಬರು ಅವನನ್ನು ಮೇಜು ಒರೆಸಲು ಕಳಿಸಿದ್ದರು, ಅವನು ಏನೂ ತೋಚದೆ ಕೆಲಸವನ್ನೇ ಬಿಟ್ಟು ಮನೆಗೆ ಹೋಗಿದ್ದ. ಈ ಹುಡುಗನಿಗೆ ಮರಾಠಿ ಅಷ್ಟಕ್ಕಷ್ಟೆ, ಆದುದರಿಂದ ಕೋಚ್ ಆದವಳು ಕನ್ನಡ ಬಲ್ಲವಳೇ ಆಗಬೇಕಿತ್ತು.

ಈಗ ಬಿಲ್ಲಿನ ಕಡೆ ನೋಡು. ಅಂಗವಿಕಲರ ಕೌಶಲ ತರಬೇತಿಗೆ ಕೇಂದ್ರ ಸರ್ಕಾರ 2015ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಆರಂಭಿಸಿತು. ಅದೇ ವರ್ಷ ಜುಲೈನಲ್ಲಿ ಕೌಶಲ ಯೋಜನೆಗಳಿಗೆಲ್ಲ ಹೊರಡಿಸಿದ ಸಮಾನ ಮಾನದಂಡ ಹಣ ಕೊಡುವುದನ್ನು ಮೂರು ಕಂತಾಗಿ ಇಟ್ಟಿತು: ತಂಡದ ತರಬೇತಿ ಶುರುವಾದಾಗ ಶೇ. 30, ಪರೀಕ್ಷೆ ಮುಗಿದು ಪ್ರಮಾಣಪತ್ರ ಸಿಕ್ಕಾಗ ಶೇ. 50, ಕೆಲಸ ಸಿಕ್ಕ ಮೇಲೆ ಉಳಿದ ಶೇ. 20. ಕೆಲಸ ಸಿಕ್ಕಿತು ಎನ್ನಬೇಕಾದರೆ ಅವನು ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳದಲ್ಲಿ ಕನಿಷ್ಠ 3 ತಿಂಗಳು ದುಡಿದಿರಬೇಕು. ಸಾಮಾನ್ಯ ತರಬೇತಿಗೆ ಈ ಕ್ರಮ ಒಪ್ಪುವಂಥದ್ದೇ. ನಮ್ಮ ಹುಡುಗರ ವಿಷಯದಲ್ಲಿ ಮಾತ್ರ ಅದು ತಲೆಕೆಳಗು. ಇವರು ತರಗತಿಯಲ್ಲಿ ಕಲಿತದ್ದನ್ನು ಹೋಟೆಲಿನ ಅಡುಗೆಮನೆಗೆ ಹೊತ್ತೊಯ್ದು ಬಳಸುವವರಲ್ಲ, ಕೆಲಸದ ಜಾಗದಲ್ಲಿಯೇ ಕಲಿಯುವವರು. ಖರ್ಚು ಶುರುವಾಗುವುದೇ ಕೆಲಸಕ್ಕೆ ಸೇರಿದ ದಿನದಿಂದ, ಆ ಹೊತ್ತಿಗೆ ದುಡ್ಡಿನ ಹೆಚ್ಚಿನ ಪಾಲು ತರಗತಿಯ ಹೆಸರಿನಲ್ಲಿ ತೀರಿರುತ್ತದೆ. ಮೂರು ತಿಂಗಳ ಸಂಬಳದ ದಾಖಲೆ ಕೊಟ್ಟು, ಬಿಲ್ಲು ಮಂಜೂರಾಗಿ, ಕೊನೆಯ ಕಂತು ಕೈಗೆ ಬರುವ ತನಕ ಕೋಚ್‌ಳ ಸಂಬಳ, ಬಸ್ಸಿನ ಖರ್ಚು ಎಲ್ಲವನ್ನೂ ನಾವೇ ಹೊಂದಿಸಬೇಕು. ಹುಡುಗ ಎರಡನೆಯ ತಿಂಗಳಲ್ಲಿ ಬಿಟ್ಟರೆ ಆ ಕಂತೂ ಕೈತಪ್ಪಬಹುದು.

ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಹಣ ಹೊಂದಿಸಲಾಗದ ಸಂಸ್ಥೆಗಳು ಬೇಗ ಕಲಿಯುವವರನ್ನು, ಒಂಟಿಯಾಗಿ ಬಸ್ ಹತ್ತಬಲ್ಲವರನ್ನು ಮಾತ್ರ ಆರಿಸಿಕೊಳ್ಳುತ್ತವೆ. ಯಾರಿಗೆ ಆಸರೆ ಹೆಚ್ಚು ಬೇಕೋ ಅವರೇ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಆ ಸಂಸ್ಥೆಗಳನ್ನು ನಾನು ದೂರುವುದಿಲ್ಲ, ದುಡ್ಡು ಬರುವ ದಾರಿಯೇ ಅವರನ್ನು ಹಾಗೆ ನಡೆಸುತ್ತಿದೆ.

ಮಾಲೀಕರಿಗೂ ಒಂದು ಸೌಲಭ್ಯವಿದೆ. ಖಾಸಗಿ ಸಂಸ್ಥೆಗಳು ಅಂಗವಿಕಲರನ್ನು ನೇಮಿಸಿಕೊಂಡರೆ ಪಿಎಫ್ ಮತ್ತು ಇಎಸ್‌ಐಗೆ ಮಾಲೀಕರು ತುಂಬಬೇಕಾದ ಪಾಲನ್ನು ಸರ್ಕಾರ ಭರಿಸುವ ಯೋಜನೆ 2008ರ ಏಪ್ರಿಲ್‌ನಲ್ಲಿಯೇ ಬಂದಿದೆ. ಆದರೆ ಪಿಎಫ್ ಕಡ್ಡಾಯವಾಗುವುದು 20 ಜನ ನೌಕರರಿರುವ ಕಡೆ, ನಮ್ಮ ಹುಡುಗರನ್ನು ಮನಸಾರೆ ಕರೆದುಕೊಳ್ಳುವವರೋ ಏಳೆಂಟು ಜನರಿರುವ ಬೇಕರಿಗಳು, ಸಣ್ಣ ಹೋಟೆಲುಗಳು. ದೊಡ್ಡವರು ಆ ಸೌಲಭ್ಯ ಪಡೆದರೂ ಅದು ಅವರ ಖಾತೆಯ ಲೆಕ್ಕ, ಪಕ್ಕದಲ್ಲಿ ನಿಲ್ಲುವ ಕೋಚ್‌ಗೆ ಅದರಿಂದ ಒಂದು ಪೈಸೆಯೂ ತಲುಪುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಇದೇ ರಾಜ್ಯದಲ್ಲಿ ಬೌದ್ಧಿಕ ಅಂಗವಿಕಲರ ಅನುದಾನಿತ ಕರ್ಮಶಾಲೆಗಳಿವೆ. ಅಲ್ಲಿ ಮೇಣದಬತ್ತಿ, ಲಕೋಟೆ ಮಾಡಿಸುವ ಶಿಕ್ಷಕರಿಗೆ ಸರ್ಕಾರವೇ ಸಂಬಳದ ಅನುದಾನ ಕೊಡುತ್ತದೆ, ಕೊಡಲೇಬೇಕು. ಅದೇ ಶಿಕ್ಷಕಿ ಅದೇ ಹುಡುಗನನ್ನು ಕರ್ಮಶಾಲೆಯ ಗೋಡೆಯಾಚೆ ನಿಜವಾದ ಸಂಬಳದ ಕೆಲಸಕ್ಕೆ ಕರೆದೊಯ್ದು ಅಲ್ಲಿ ಜೊತೆ ನಿಂತರೆ, ಆ ನಿಲ್ಲುವಿಕೆಗೆ ಖರ್ಚಿನ ಶೀರ್ಷಿಕೆಯೇ ಇಲ್ಲ.

ಅಮೆರಿಕದಲ್ಲಿ ಎಲ್ಲ ಸಲೀಸು ಎಂದು ನೀನು ಬರೆದಿದ್ದೀಯ. ಎಲ್ಲ ಸಲೀಸಲ್ಲ, ಆದರೆ ಅಲ್ಲಿ ಈ ಕೆಲಸಕ್ಕೆ ಕಾನೂನಿನಲ್ಲಿ ಹೆಸರಿದೆ. 1986ರ ತಿದ್ದುಪಡಿಯಿಂದ ಬೆಂಬಲಿತ ಉದ್ಯೋಗ, ಎಂದರೆ ಹೀಗೆ ಆಸರೆಯೊಡನೆ ನಿಜವಾದ ಕೆಲಸ ಮಾಡಿಸುವುದು, ಅವರ ಪುನರ್ವಸತಿ ಕಾಯ್ದೆಯೊಳಗೆ ಬಂತು. ಜಾಬ್ ಕೋಚ್‌ನ ಸೇವೆಗೆ ಸಾಮಾನ್ಯವಾಗಿ 24 ತಿಂಗಳವರೆಗೆ ಪುನರ್ವಸತಿ ಇಲಾಖೆ ಹಣ ಕೊಡುತ್ತದೆ, ಅದಾದ ಮೇಲೂ ಆಸರೆ ಬೇಕಾದವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ನೆರವಿನಂಥ ಬೇರೆ ಮೂಲಗಳಿವೆ. ಗಂಟೆಯ ಲೆಕ್ಕ ಬಿಟ್ಟು ಹಂತಹಂತವಾಗಿ ಹಣ ಕೊಡುವ ಪದ್ಧತಿಯನ್ನು ಒಕ್ಲಹೋಮ ರಾಜ್ಯ 1990ರ ದಶಕದಲ್ಲಿ ತಂದಾಗ, ಸುಲಭದವರನ್ನೇ ಆರಿಸಿಕೊಳ್ಳುವ ಭಯ ಅಲ್ಲಿಯೂ ಇತ್ತು; ಅದಕ್ಕಾಗಿ ಕಷ್ಟದ ಅಂಗವಿಕಲತೆ ಇರುವವರಿಗೆ ಹೆಚ್ಚಿನ ದರವನ್ನು ಇಟ್ಟರು. ಇದು ನಮ್ಮಲ್ಲಿಯೂ ಆಗದ ಮಾತೇನಲ್ಲ.

ಗಡಿಯವರಿಗೆ ಇದರ ಮೇಲೆ ಇನ್ನೊಂದು ಸುತ್ತು. ಒಂದು ಕಚೇರಿಯಲ್ಲಿ ನಮ್ಮ ಹುಡುಗನೊಬ್ಬನ ಕಡತ ಹಿಂದಕ್ಕೆ ಬಂತು, ಶಾಲೆ ಬಿಟ್ಟ ದಾಖಲೆ ಕನ್ನಡದಲ್ಲಿದೆ, ಇವನು ಕರ್ನಾಟಕದವನು ಎಂದು. ಅದರ ಮೇಲೆ ಸೊಲ್ಲಾಪುರ ಜಿಲ್ಲಾ ಪರಿಷತ್ತಿನ ಮುದ್ರೆ ಇತ್ತು. ನಾನು ಮುದ್ರೆ ತೋರಿಸಿದೆ, ಅವರು ಮರಾಠಿ ಪ್ರತಿ ಕೇಳಿದರು, ಆ ಪ್ರತಿಗೆ ಅವನ ತಂದೆ ಕೂಲಿ ಬಿಟ್ಟು ಊರಿಗೆ ಹೋಗಿಬಂದರು. ಇದೇ ಹುಡುಗನನ್ನು ಕಲಬುರಗಿಗೆ ಕರೆದೊಯ್ದರೆ ಮಹಾರಾಷ್ಟ್ರದವನು ಎನ್ನುತ್ತಾರೆ. ಅವನು ಹುಟ್ಟಿದ ನೆಲ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಹಕ್ಕು ಅವನದು, ಅವನ ಮಾತು ಕನ್ನಡವಾದರೂ. ಇದನ್ನು ನಾನು ಕಚೇರಿಯಲ್ಲಿ ನಿಂತು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಆದ್ದರಿಂದ ನಿನ್ನಲ್ಲಿ ಕೇಳುವುದು ದಾನವಲ್ಲ. ಕಂಪನಿ ಕಾಯ್ದೆಯ ಏಳನೆಯ ಪರಿಶಿಷ್ಟದಲ್ಲಿ ಅಂಗವಿಕಲರ ಉದ್ಯೋಗ ಕೌಶಲಕ್ಕೆ ಸಿಎಸ್‌ಆರ್ ಹಣ ಬಳಸಲು ಅವಕಾಶವಿದೆ, ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿಮ್ಮ ಅರ್ಜಿಯ ನಮೂನೆಯಲ್ಲಿ ಯಂತ್ರ, ಕಂಪ್ಯೂಟರ್, ತರಬೇತಿ ಎಂಬ ಸಾಲುಗಳಿವೆ. ಅವುಗಳ ಕೆಳಗೆ ಜಾಬ್ ಕೋಚ್‌ನ ಸಂಬಳ ಎಂಬ ಒಂದು ಸಾಲನ್ನು ಸೇರಿಸಿ, ಕೆಲಸಕ್ಕೆ ಸೇರಿದ ನಂತರದ ಒಂದು ವರ್ಷಕ್ಕೆ, ತಿಂಗಳು ತಿಂಗಳು ಮುಂಗಡವಾಗಿ ಕೊಡುವಂತೆ ಮಾಡಿಸು. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳೂ ರಸೀದಿ ಸಮೇತ ಕಳಿಸುತ್ತೇನೆ.